ಅಗಸಿಯ ಕೆಂಪು ಅಂಕಿಗಳು

“ಆ ಕಲ್ಲಿಗೆ ಬಣ್ಣ ಹಚ್ಚಿದ್ರ ಛಲೋ ಆಗಂಗಿಲ್ಲ ನೋಡ್ರಿ, ಮೇಡಂ.”

ಸಂಘಮಿತ್ರಾ ಕುಂಚ ಹಿಡಿದೇ ತಿರುಗಿದಳು. ಸುರಪುರದ ಹಳೇ ಪೇಟೆಯ ಹೆಬ್ಬಾಗಿಲು ಈ ಅಗಸಿ. ಅದರ ಮಗ್ಗುಲಲ್ಲೇ ಅಂಗಡಿಯಿಟ್ಟಿದ್ದ ಬಡಿಗ ದೇವಿಂದ್ರ, ಉಳಿ ಹಿಡಿದು ಅಡ್ಡ ನಿಂತಿದ್ದ.

“ರಸ್ತೆ ಅಗಲ ಮಾಡೋ ಸರ್ವೇರಿ. ನಾ ಯಾದಗಿರಿಯಿಂದ ಬಂದ ಇಂಜಿನಿಯರ್.”

“ಹೋದ ವರ್ಷ ಕೆಳಗಿನ ಓಣ್ಯಾಗೂ ಹಿಂಗ ಕೆಂಪು ಹಚ್ಚಿ ಹೋದ್ರು. ಎಂಟ್ ದಿನಕ್ಕ ಜೆಸಿಬಿ ಬಂತು.”

ವಿವರಿಸಲು ಬಾಯಿ ತೆರೆದಳು. ಅಷ್ಟರಲ್ಲಿ ಹಿಂದಿನಿಂದ ಯಾರೋ, “ಮಂದಿ ಮನಿ ಮುರ್ಯಾಕಂತನ ಓದ್ಯಾಳಕಿ,” ಎಂದರು.

ಅವಳ ಮುಖ ಬಿಗಿಯಿತು. ಏನಾದರೂ ಅಂದುಕೊಳ್ಳಲಿ... ನನ್ನ ಕೆಲಸ ನನಗೆ.

ನಾಲ್ಕು ದಿನ ಪೇಟೆ ಅವಳೊಂದಿಗೆ ಮಾತಾಡಲಿಲ್ಲ. ಹೋಟೆಲಿನಲ್ಲಿ ಕುದಿಯುತ್ತಿದ್ದ ಚಹಾ, ಅವಳು ಕೇಳಿದೊಡನೆ “ತೀರೇದ” ಆಗುತ್ತಿತ್ತು. ಬಳೆಯಂಗಡಿಯ ಖುರ್ಷೀದಬೇಗಂ ಕೂಡ ಮಾತಾಡಲಿಲ್ಲ. ಆದರೆ ಬಿಸಿಲೇರಿದಾಗ ತನ್ನ ಸ್ಟೂಲನ್ನು ಅವಳಿಗೆಂದು ಕಾಲಿನಿಂದ ನೆರಳಿಗೆ ತಳ್ಳಿ, ತಾನು ಅತ್ತ ತಿರುಗಿ ನೆಲದ ಮೇಲೆ ಕೂತಳು.

ಐದನೆಯ ದಿನ ಬೆಳಿಗ್ಗೆ ಅಗಸಿಯ ಮೇಲೆ ಅವಳು ಬರೆದಿದ್ದ ಕೆಂಪು ಅಂಕಿ ಒಂದೂ ಇರಲಿಲ್ಲ! ಮೊಣಕೈವರೆಗೆ ಒದ್ದೆಯಾಗಿದ್ದ ದೇವಿಂದ್ರ ನಕ್ಕ.

“ಹಚ್ರಿ. ಮತ್ತ ತೊಳಿತೀನಿ.”

ಅವಳ ಕಣ್ಣು ತುಂಬಿತು. “ಅದು ಮುರಿಯೋ ಗುರ್ತಲ್ಲರಿ... ಗಟ್ಟಿ ಇರೋ ಕಲ್ಲಿಗಷ್ಟ ಅಂಕಿ ಹಾಕಿದ್ನಿ. ಅಗಸಿ ಬೀಳಂಗಿಲ್ಲ, ರಸ್ತಾ ಸುತ್ತ ಹಾಕಿ ಒಯ್ಯಬಹುದು ಅಂತ ತೋರ್ಸಾಕ. ಇವತ್ತ ಮೂರಕ್ಕ ದೊಡ್ಡ ಸಾಹೇಬ್ರು ಬರ್ತಾರ. ಏನ್ ತೋರಿಸ್ಲಿ?”

ಅವನ ನಗು ಆರಿಹೋಯಿತು. “ಮೊದ್ಲ ಹೇಳಬಾರ್ದಿತ್ತೇನ್ರಿ?”

“ಯಾರು ಕೇಳಿದ್ರಿ?”

ದೇವಿಂದ್ರ ಅಂಗಡಿಯಿಂದ ನಿಚ್ಚಣಿಕೆ ತಂದ. ಅವಳು ವಹಿ ನೋಡಿ ಅಂಕಿ ಕೂಗಿದಳು, ಅವನು ಬರೆದ. ಸಾಹೇಬರ ಜೀಪು ಬರುವಾಗ ಕೊನೆಯ ಕಲ್ಲಿನ ಬಣ್ಣ ಇನ್ನೂ ಹಸಿ. ಅವರು ಒಂದೊಂದೇ ಕಲ್ಲು ತಟ್ಟಿ ನೋಡಿ, ಕಡತದಲ್ಲಿ ಬರೆದರು: ಅಗಸಿ ಉಳಿಯಲಿ.

ಅವಳು ಚೀಲ ಹೆಗಲಿಗೇರಿಸಿದಳು. ದೇವಿಂದ್ರ ಬಸ್ಸಿನ ತನಕ ಹಿಂದೆ ಬಂದ.

“ಇನ್ ಬರಂಗಿಲ್ಲೇನ್ರಿ?”

“ಕೆಲಸ ಮುಗೀತಲ್ರಿ.”

“ದಿನಾ ಮುಂಜಾನಿ ನಿಮ್ಮ ಹಾದಿ ಕಾಯ್ತಿದ್ನಿ... ಜಗಳ ಮಾಡಾಕ ಅಂತ ತಿಳ್ಕೊಂಡಿದ್ನಿ.”

“ಮತ್ತ, ಯಾಕಂತ ಗೊತ್ತಾತೇನು?”

“ಈಗ... ನೀವು ಚೀಲ ಹಾಕ್ಕೊಂಡಾಗ.”

ಬಸ್ಸು ಹಾರ್ನ್ ಹೊಡೆಯಿತು. ಅವಳು ಹತ್ತಲಿಲ್ಲ.

“ಮುಂದಿನ ಬಸ್ ಎಷ್ಟಕ್ಕೈತ್ರಿ?”

“ತಾಸು ಬಿಟ್ಟು.”

“ಹಂಗಾದ್ರ ನಡ್ರಿ, ಚಹಾ ಕುಡಸ್ರಿ.”