ಪೇಟೆ ವಾಡೆಯ ನಾಲ್ಕನೆಯ ಕಂಬ

ಮಂಗಳವಾರ ಬೆಳಿಗ್ಗೆ ವಾಡೆಯಲ್ಲಿ ಒಂದು ಕಂಬ ಇರಲಿಲ್ಲ. ಎಂಟು ಅಡಿಯ ಸಾಗವಾನಿ ಕಂಬ ರೀ! ಕೈಚೀಲದಲ್ಲಿ ಹಾಕಿಕೊಂಡು ಹೋಗುವಂಥದ್ದಲ್ಲ.

ನಾನು ಸವದತ್ತಿ ಠಾಣೆಯ ಹವಾಲ್ದಾರ ಲಗಮಣ್ಣ. ಅದು ೧೯೭೪ರ ಜೂನ್. ಪೇಟೆಯ ಆ ಹಳೇ ವಾಡೆಯನ್ನು, ಅಂದರೆ ದೊಡ್ಡ ಮನೆಯನ್ನು, ವಿಧವೆ ರಾಧಾಬಾಯಿ ಮನೆ ಇಲ್ಲದವರ ಸೊಸೈಟಿಗೆ ಬರೆದುಕೊಟ್ಟು, ತಾವೇ ಅಧ್ಯಕ್ಷರಾಗಿದ್ದರು. ದುರಸ್ತಿ ಮುಗಿದರೆ ಮಾಸ್ತರರು, ಗುಮಾಸ್ತರು, ಕೂಲಿಯವರು ಒಂದೇ ಬಾಗಿಲಲ್ಲಿ ಓಡಾಡಬೇಕು. ಬಡಿಗ ಲಕ್ಕಪ್ಪ ಭಾನುವಾರ ನಾಲ್ಕನೆಯ ಕಂಬವನ್ನು ಇಳಿಸಿ, ಮಾಳಿಗೆಗೆ ಬಿದಿರಿನ ಆಸರೆ ಕೊಟ್ಟು, ಸೋಮವಾರ ಕಟ್ಟಿಗೆ ತರಲು ಬೈಲಹೊಂಗಲಕ್ಕೆ ಹೋಗಿದ್ದ. ಬುಧವಾರ ಇಂಜಿನಿಯರ್ ಬರುವವರು. ಅಷ್ಟರೊಳಗೆ ಕಂಬ ನಿಲ್ಲದಿದ್ದರೆ ವಾಡೆಯನ್ನೇ ಕೆಡವಿಸುವವರು. ಮೋಡ ಬೇರೆ ಕವಿದಿತ್ತು. ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ.

“ನವಿಲುತೀರ್ಥ ಡ್ಯಾಮಿನ ನೀರಾಗ ಒಂದು ಮನಿ ಹೋತು. ಇದೂ ಹೋದ್ರ ಮಕ್ಕಳನ್ನ ಎಲ್ಲಿ ಮಲಗಸ್ಲಿ?” ಗುರವ್ವ ಚೀರಿದಳು. ಕೆಳಗಿನ ಕೋಣೆ ಅವಳ ಪಾಲಿಗೆ ಬಂದಿತ್ತು.

ರಾಧಾಬಾಯಿಯ ಮೈದುನನ ಮಗ ಬಾಳಕೃಷ್ಣ ಬೆಳಗಾವಿಯಲ್ಲಿ ಬೆಳೆದವನು. ವಾರದಿಂದ ಇಲ್ಲೇ ಇದ್ದ. “ಇವಳ ಗಂಡ ದುಂಡಪ್ಪನ್ನ ಹಿಡೀರಿ. ಸೋಮವಾರ ಮಧ್ಯಾಹ್ನ ಚಕ್ಕಡ್ಯಾಗ ಕಂಬ ಹೇರಿಕೊಂಡು ಹೋದದ್ದು ನಾನ ನೋಡೇನಿ.”

“ಸೋಮವಾರ? ಅಯ್ಯ ಶಿವನ, ಯಪ್ಪಾ...” ಗುರವ್ವ ಏನೋ ಹೇಳಹೊರಟಳು.

“ಬಾಯಿ ಮುಚ್ಚು,” ಎಂದು ಗದರಿದೆ. ಪಕ್ಕದಲ್ಲಿದ್ದ ನಮ್ಮ ಫೌಜದಾರ, ಸಬ್ ಇನ್ಸ್‌ಪೆಕ್ಟರ್ ರಘೋತ್ತಮರು ಅವಳತ್ತ ನೋಡಿದರು.

* * *

ದುಂಡಪ್ಪನ ಚಕ್ಕಡಿಯಲ್ಲಿ ಸಾಗವಾನಿ ಚಕ್ಕೆಗಳು ಸಿಕ್ಕವು. ನನ್ನ ಕೈ ತುರಿಸಿತು.

“ಏನಲೇ ಇದು?”

“ರವಿವಾರ ಲಕ್ಕಪ್ಪ ಕೆತ್ತಿದ ಚಕ್ಕಿರಿ. ಒಲಿಗೆ ತಂದೇನ್ರಿ.”

ಬೈಲಹೊಂಗಲದಿಂದ ಆಗಲೇ ಮರಳಿದ್ದ ಲಕ್ಕಪ್ಪ ಹೌದೆಂದ. ಆದರೂ ನಾನು, “ಒಳಗ ಹಾಕೂಣ್ರಿ ಸಾಹೇಬ್ರ,” ಎಂದೆ.

ಫೌಜದಾರ ರಘೋತ್ತಮರು ಬಾಳಕೃಷ್ಣನತ್ತ ತಿರುಗಿದರು. “ಎತ್ತು ಹೂಡಿದ್ದನೇನ್ರಿ?”

“ಹೂಂ. ಎರಡೂ ಬಿಳೀವು. ಹೊಡಕೋತ ಹೋದ.”

“ಬರದು ಸಹಿ ಮಾಡ್ರಿ.”

ಅವನು ಖುಷಿಯಿಂದ ಸಹಿ ಹಾಕಿದ.

“ಲಗಮಣ್ಣ, ಈ ವಾಡೇದ ಹಗೇವು ಎಲ್ಲದ ನೋಡು.”

ಹಗೇವೆಂದರೆ ಕಾಳು ತುಂಬಿಡುವ ನೆಲದೊಳಗಿನ ಕುಣಿ. ಬಾಳಕೃಷ್ಣನ ಮುಖ ಬಿಳಚಿಕೊಂಡಿತು. ರಾಧಾಬಾಯಿ ತೋರಿಸಿದ ಹಾಸುಗಲ್ಲು ಎಬ್ಬಿಸಿದೆವು. ಕಂಬ ಒಳಗೆ ನಿಂತಿತ್ತು!

* * *

“ಸೋಮವಾರ ಬಸವಣ್ಣನ ವಾರ,” ಎಂದರು ಫೌಜದಾರರು. “ಉಪವಾಸ ಬಿದ್ರೂ ಇಲ್ಲಿಯವರು ಅವತ್ತು ಎತ್ತಿನ ಹೆಗಲಿಗೆ ನೊಗ ಇಡೂದಿಲ್ಲ. ಗುರವ್ವ ಅದನ್ನ ಹೇಳಲಿಕ್ಕೆ ಹತ್ತಿದ್ಲು, ಲಗಮಣ್ಣ. ನೀ ಕೇಳಲಿಲ್ಲ. ಓಣ್ಯಾಗ ಲಾರಿ ಹಿಡಿಯೂದಿಲ್ಲ, ಹೆಗಲ ಮ್ಯಾಲೆ ಒಯ್ದಿದ್ರ ಮಂದಿ ನೋಡ್ತಿದ್ರು. ಅಂದಮ್ಯಾಲೆ ಕಂಬ ವಾಡೆ ದಾಟಿಲ್ಲ. ಹಗೇವಿನ ಬಾಯಿ ಮನಿತನದವರಿಗಷ್ಟ ಗೊತ್ತು. ರಾಧಾಬಾಯಾರು ಇವತ್ತು ರಾಮದುರ್ಗದಿಂದ ಬಂದಾರ. ಉಳಿದವರು ಯಾರು?”

ನಾನು ಹಣೆ ಬಡಿದುಕೊಂಡೆ. ನನ್ನಪ್ಪನೂ ಸೋಮವಾರ ಎತ್ತು ಹೂಡಿದವನಲ್ಲ. ಛೀ, ನನ್ನ ಬುದ್ಧಿಗಿಷ್ಟು!

ಬಾಳಕೃಷ್ಣ ಬಾಯಿಬಿಟ್ಟ. ಬೆಳಗಾವಿಯಿಂದ ಇಬ್ಬರು ಆಳು ತಂದಿದ್ದ. ವಾಡೆ ಬಿದ್ದರೆ ಸೊಸೈಟಿಗೆ ಬರೆದುಕೊಟ್ಟದ್ದು ರದ್ದಾಗಿ ಜಾಗ ಮನೆತನಕ್ಕೆ ಮರಳುತ್ತಿತ್ತು; ಅದನ್ನು ಟಾಕೀಜಿಗೆ ಮಾರುವವನಿದ್ದ. ದೊಡ್ಡಮ್ಮನತ್ತ ತಿರುಗಿದ. “ಕಾಕು, ಕೂಲಿಯವರ ಜೋಡಿ ಒಂದ ಬಾಗಲಾ? ನಮ್ಮ ಮನಿತನದ ಮರ್ಯಾದಿ...”

“ಮರ್ಯಾದಿ ನೀನ ಹಗೇವಿನ್ಯಾಗ ಇಳಿಸಿದಿ,” ಎಂದರು ರಾಧಾಬಾಯಿ. ಫಿರ್ಯಾದಿಗೆ ಅವರೇ ಸಹಿ ಹಾಕಿದರು.

ಸಂಜೆ ಲಕ್ಕಪ್ಪ ಕಂಬ ನಿಲ್ಲಿಸಿದ. ಪೂಜೆಯ ತಟ್ಟೆ ಬಂತು. ರಾಧಾಬಾಯಿ ಅದನ್ನು ಗುರವ್ವನ ಮುಂದೆ ಹಿಡಿದರು.

“ನಾ ವಿಧವಿ, ಹಚ್ಚೂ ಹಂಗಿಲ್ಲ. ನೀ ಕುಂಕುಮ ಹಚ್ಚವಾ. ನಿನ್ನ ಮನೀ ಕಂಬ.”

ಗುರವ್ವ ಅಳುತ್ತಲೇ ಹಚ್ಚಿದಳು.