ಕದ್ದ ನಾಲ್ಕು ದಿನ

“ಅದು ನನ್ನ ಫೈಲು. ಕೊಡ್ರೀ ಇಲ್ಲಿ!”

ತುಮಕೂರಿನ ಆ ಕಾಲೇಜಿನ ಆಫೀಸಿನಲ್ಲಿ ಟೈಪ್‌ರೈಟರ್ ಮುಂದೆ ಕೂತಿದ್ದ ಹುಡುಗ ತಲೆಯೆತ್ತಿದ. ಬಾಗಿಲಲ್ಲಿ ನಿಂತಿದ್ದ ಮಂಗಳಗೌರಿಯ ಮೂಗಿನ ತುದಿ ಸಿಟ್ಟಿಗೆ ಕೆಂಪಾಗಿತ್ತು.

“ಕೊಡ್ತೀನಿ. ಅದಕ್ಕೆ ಮುಂಚೆ ‘ತುಷ್ಟಿಗುಣ’ಕ್ಕೆ ಇಂಗ್ಲಿಷಲ್ಲಿ ಏನಂತಾರೆ ಹೇಳಿ. ಬೆಳಗಿಂದ ಒದ್ದಾಡ್ತಿದೀನಿ.”

ಗುಮಾಸ್ತರು ಬೆಟ್ಟಸ್ವಾಮಿ ನಕ್ಕರು. “ಇವ್ನು ರವೀಶ ಕಣಮ್ಮ. ಕುಣಿಗಲ್ಲೋನು, ಫೈನಲ್ ಬಿ.ಕಾಂ. ನಿನ್ನ ಸಿಲಬಸ್ ಇಂಗ್ಲಿಷಿಗೆ ಮಾಡಿ ಟೈಪ್ ಮಾಡ್ಕೊಡಪ್ಪ ಅಂತ ನಾನೇ ಕೊಟ್ಟಿದ್ದು.”

ಅವಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. “ಯುಟಿಲಿಟಿ,” ಅಂದಳು ಮೆಲ್ಲಗೆ.

“ಅಷ್ಟೇನಾ? ತುಷ್ಟಿಗುಣ ಅನ್ನೋದೇ ಚೆನ್ನಾಗಿತ್ತು ಬಿಡಿ.”

ಅದು ತೊಂಬತ್ತೆಂಟರ ಜೂನ್. ಗುಬ್ಬಿಯಿಂದ ದಿನಾ ಬಸ್ಸಿನಲ್ಲಿ ಬಂದು ಕನ್ನಡ ಮಾಧ್ಯಮದಲ್ಲಿ ಬಿ.ಎ. ಓದುತ್ತಿದ್ದ ಮಂಗಳಗೌರಿ, ಮೊದಲ ವರ್ಷದ ಅರ್ಥಶಾಸ್ತ್ರದಲ್ಲಿ ಕಾಲೇಜಿಗೇ ಮೊದಲಿಗಳಾಗಿದ್ದಳು. ಪುಣೆಯ ದೊಡ್ಡ ವಿಶ್ವವಿದ್ಯಾಲಯವೊಂದು ಬೇರೆ ಕಡೆ ಮೊದಲ ವರ್ಷ ಮುಗಿಸಿದವರಿಗೆ ಪರೀಕ್ಷೆಯಿಟ್ಟು ನೇರ ಎರಡನೇ ವರ್ಷಕ್ಕೆ ಸೇರಿಸಿಕೊಳ್ಳುತ್ತಿತ್ತು. ಇಡೀ ದೇಶಕ್ಕೆ ಆರೇ ಸೀಟು. ಓದಿದ ಪಾಠಗಳ ಪಟ್ಟಿಯೆಲ್ಲ ಇಂಗ್ಲಿಷಿನಲ್ಲಿ, ಪ್ರಿನ್ಸಿಪಾಲರ ಸಹಿಯೊಂದಿಗೆ, ಇಪ್ಪತ್ತನೇ ತಾರೀಕು ಶನಿವಾರದೊಳಗೆ ಅಲ್ಲಿರಬೇಕಿತ್ತು.

ಮಾರನೇ ದಿನದಿಂದ ಸಂಜೆ ನಾಲ್ಕಕ್ಕೆ ಅವಳು ಪುಸ್ತಕ ಹಿಡಿದು ಅವನ ಪಕ್ಕದ ಕುರ್ಚಿಯಲ್ಲಿ ಕೂರತೊಡಗಿದಳು. ಅವಳು ಅರ್ಥ ಬಿಡಿಸಿ ಹೇಳುವಳು. ಅವನು ಅದನ್ನು ಇಂಗ್ಲಿಷಿಗೆ ತಿರುಗಿಸಿ ಟೈಪ್ ಮಾಡುವನು. ಅವನ ಬೆರಳು ಓಡುವಾಗ ಅವಳು ಬೆರಳನ್ನೇ ನೋಡುತ್ತಿದ್ದಳು. ಅವನು ಸಾಲಿನ ಕೊನೆಗೆ ತಲೆಯೆತ್ತಿದರೆ ಕಿಟಕಿ ನೋಡುತ್ತಿದ್ದಳು.

“ಒಂದು ಹೋಳಿಗೆ ತಿಂದ್ರೆ ಸಿಗೋ ಸುಖ ಎರಡನೇದಕ್ಕೆ ಸಿಗಲ್ಲ, ಮೂರನೇದಕ್ಕೆ ಇನ್ನೂ ಕಮ್ಮಿ. ಅದೇ ನಿಯಮ,” ಅಂತ ಒಂದು ಸಂಜೆ ವಿವರಿಸಿದಳು.

“ಎಲ್ಲಾದಕ್ಕೂ ಹಂಗೇನಾ?”

“ಎಲ್ಲಾದಕ್ಕೂ.”

“ಸುಳ್ಳು. ನೀವು ಇಲ್ಲಿ ಬಂದು ಕೂರೋಕೆ ಶುರುಮಾಡಿ ಇವತ್ತಿಗೆ ಐದು ದಿನ ಆಯ್ತು,” ಅಂದ ರವೀಶ, ಕಾಗದದಿಂದ ಕಣ್ಣೆತ್ತದೆ.

ಅವನ ಕಿವಿ ಮಾತ್ರ ಕೆಂಪಾಗಿತ್ತು. ಮಂಗಳಗೌರಿ ಬಸ್ಸು ತಪ್ಪುತ್ತೆ ಅಂತ ಎದ್ದಳು. ಬಸ್ಸಿಗಿನ್ನೂ ಅರ್ಧ ಗಂಟೆಯಿತ್ತು.

ಮುಂದಿನ ವಾರವೂ ಕೆಲಸ ಮುಗಿಯಲಿಲ್ಲ. ದಿನಾ ಒಂದಲ್ಲ ಒಂದು ತಪ್ಪು ಸಿಗುತ್ತಿತ್ತು. ರವೀಶ ಮತ್ತೆ ಟೈಪ್ ಮಾಡುತ್ತಿದ್ದ. ದಿನ ಎಣಿಸಿ ದಿಗಿಲಾದರೂ, ಅವನನ್ನು ಅವಸರಪಡಿಸಲು ಅವಳಿಗೂ ಮನಸ್ಸು ಬರಲಿಲ್ಲ. ಗುರುವಾರ ಅವನು ಟೀ ತರಲು ಹೋದಾಗ ಅವಳು ಕಾರ್ಬನ್ ಪೇಪರಿಗಾಗಿ ಮೇಜಿನ ಡ್ರಾಯರ್ ಎಳೆದಳು. ಅಲ್ಲಿ ಹನ್ನೆರಡು ಹಾಳೆ, ಪಿನ್ ಹಾಕಿ, ಒಂದೂ ತಪ್ಪಿಲ್ಲದೆ ಮುಗಿದು ಕೂತಿದ್ದವು. ಕೊನೆಯ ಹಾಳೆಯಲ್ಲಿ ಸೋಮವಾರದ ತಾರೀಕು.

ಅವನು ಎರಡು ಲೋಟ ಹಿಡಿದು ಒಳಬಂದು ಹಾಗೇ ನಿಂತ.

“ಸೋಮವಾರವೇ ಮುಗ್ದಿತ್ತಾ?”

“ಹೂಂ.”

“ಯಾಕ್ರೀ ಹಿಂಗ್ ಮಾಡಿದ್ರಿ?”

“ಮುಗೀತು ಅಂದ್ರೆ ನೀವು ಬರಲ್ವಲ್ಲ.”

“ನಾಡಿದ್ದೇ ಕೊನೇ ದಿನ! ಪೋಸ್ಟು ಪುಣೆಗೆ ನಾಲ್ಕು ದಿನ ತಗೊಳ್ಳುತ್ತೆ!”

ರವೀಶನ ಮುಖ ಬಿಳುಚಿತು. ಶನಿವಾರದೊಳಗೆ ಪೋಸ್ಟ್ ಮಾಡಿದರೆ ಸಾಕೆಂದು ಅವನು ತಿಳಿದಿದ್ದ. ಅಲ್ಲಿ ತಲುಪಿರಬೇಕೆಂಬುದು ಅವನಿಗೆ ಗೊತ್ತೇ ಇರಲಿಲ್ಲ. ಲೋಟಗಳನ್ನು ಮೇಜಿನ ಮೇಲಿಟ್ಟ. ಬೆಟ್ಟಸ್ವಾಮಿಯವರನ್ನು ಕರೆದುಕೊಂಡು ಪ್ರಿನ್ಸಿಪಾಲರ ಮನೆಗೆ ಓಡಿದ, ಸಹಿ ಹಾಕಿಸಿದ. ಕವರನ್ನು ಅಂಗಿಯೊಳಗೆ ತೂರಿಸಿಕೊಂಡು, ಹೈವೇಯಲ್ಲಿ ಕೈ ಅಡ್ಡಹಾಕಿ ಪುಣೆ ಬಸ್ ಹತ್ತಿದ. ಮಂಗಳಗೌರಿ ತಿರುಗಿಯೂ ನೋಡದೆ ಗುಬ್ಬಿ ಬಸ್ಸಿನಲ್ಲಿ ಕೂತಳು. ದಾರಿಯುದ್ದಕ್ಕೂ ಅತ್ತಳು.

ಅರ್ಜಿ ಶುಕ್ರವಾರ ತಲುಪಿತು. ಅದರ ರಸೀತಿಯನ್ನು ಅವಳ ಕೈಗೆ ಕೊಟ್ಟವರು ಬೆಟ್ಟಸ್ವಾಮಿ. ರವೀಶ ಅವಳ ಕಣ್ಣಿಗೇ ಬೀಳಲಿಲ್ಲ. ಜುಲೈ ಮೊದಲ ವಾರ ಅಪ್ಪ ಅಣ್ಣಯ್ಯಪ್ಪನ ಜೊತೆ ಪುಣೆಗೆ ಹೋಗಿ ಪರೀಕ್ಷೆ ಬರೆದು ಬಂದಳು. ಹತ್ತು ದಿನಕ್ಕೆ ಪತ್ರ ಬಂತು: ಆರರಲ್ಲಿ ಒಂದು ಸೀಟು ಅವಳದು.

ಮನೆಯಲ್ಲಿ ಪಾಯಸದ ಸಂಭ್ರಮ. ಅವಳು ಬಟ್ಟಲನ್ನು ಹಾಗೇ ಸರಿಸಿಟ್ಟಳು. ಮಾರನೇ ದಿನ ಟಿ.ಸಿ. ತರುವ ನೆಪ ಹೇಳಿ, ತುಮಕೂರಲ್ಲಿ ಬೆಟ್ಟಸ್ವಾಮಿಯವರಿಂದ ವಿಳಾಸ ಪಡೆದು, ಬಸ್ ಬದಲಿಸಿ ಕುಣಿಗಲ್ಲಿಗೆ ಹೋದಳು.

ರವೀಶನ ತಾಯಿ ಹನುಮಂತಮ್ಮ ಅವಳನ್ನು ಅಡಿಯಿಂದ ಮುಡಿವರೆಗೆ ನೋಡಿ ಕೇಳಿದರು, “ಪುಣೆಗೆ ಹೋಗೋ ಹುಡ್ಗಿ ನೀನೇನವ್ವಾ? ಅಲ್ಲಿಗೋಗಿ ಬಂದಾಗಿಂದ ಇವ್ನಿಗೆ ಮುದ್ದೆ ಸೇರ್ತಿಲ್ಲ. ಕೆರೆ ಏರಿ ಮೇಲವ್ನೆ, ಹೋಗಿ ಬೈಯಂಗಿದ್ರೆ ಬೈದ್ಬುಡು.”

ಕೆರೆ ತುಂಬಿರಲಿಲ್ಲ. ಗಾಳಿ ಮಾತ್ರ ತುಂಬಾ ಇತ್ತು. ಅವಳನ್ನು ಕಂಡು ಅವನು ಎದ್ದುನಿಂತ.

“ಸೀಟು ಸಿಕ್ತು,” ಅಂದಳು.

ಅವನು ಕಣ್ಣು ಮುಚ್ಚಿ ಉಸಿರುಬಿಟ್ಟ. “ಸಿಗದೇ ಹೋಗಿದ್ರೆ ನಾನು...”

“ಕೋಪ ಅದಕ್ಕಲ್ಲ. ನಾಲ್ಕು ದಿನ ಹೇಳ್ದೆ ಕೇಳ್ದೆ ಕದ್ರಲ್ಲ, ಅದಕ್ಕೆ. ಕೇಳಿದ್ರೆ ಕೊಡ್ತಿರ್ಲಿಲ್ವಾ?”

ಅವನು ಕೆರೆಯ ಕಡೆ ತಿರುಗಿದ. “ಎರಡು ವರ್ಷ ಬಿಟ್ಟು ಕೇಳ್ತೀನಿ. ಈಗ ಕೇಳಿದ್ರೆ ನೀವು ಓದು ಬಿಟ್ಟು ಬಂದ್ಬಿಟ್ರೆ?”

“ನಾನು ಬಿಟ್ಟು ಬರೋಳಲ್ಲ. ಇನ್ನೂ ಓದು ಅಂದ್ರೂ ಓದ್ತೀನಿ. ಅದಕ್ಕೆ ಒಪ್ಪೋದಾದ್ರೆ ಈಗ್ಲೇ ಕೇಳಿ.”

“ಮಂಗಳಾ,” ಅಂದ. ಅವಳನ್ನು ಹಾಗೆ ಯಾರೂ ಕರೆದಿರಲಿಲ್ಲ. “ಎಷ್ಟು ವರ್ಷ ಬೇಕಾದ್ರೂ ಓದು. ಆಮೇಲೆ ನನ್ನ ಮದ್ವೆ ಆಗ್ತೀಯಾ?”

ಗಾಳಿಗೆ ಹಾರಿ ಮುಖ ಮುಚ್ಚಿದ ದುಪಟ್ಟಾವನ್ನು ಅವಳು ಬೇಕಂತಲೇ ತಡವಾಗಿ ಸರಿಸಿದಳು. ಅದರ ಹಿಂದಿನಿಂದಲೇ “ಹೂಂ” ಅಂದಳು.

ಜುಲೈ ಕೊನೆಯ ಭಾನುವಾರ ತುಮಕೂರಿನ ಹೈವೇ ಬದಿಯಲ್ಲಿ ಅಪ್ಪ ಮಗಳು ಪುಣೆ ಬಸ್ಸಿಗೆ ಕಾಯುತ್ತಿದ್ದರು. ರವೀಶ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ನೇರ ಬಂದು ಅಣ್ಣಯ್ಯಪ್ಪನಿಗೆ ಕೈಮುಗಿದ. ಅಣ್ಣಯ್ಯಪ್ಪ ಹುಡುಗನನ್ನು ನೋಡಿದ, ಮಗಳನ್ನು ನೋಡಿದ.

“ಯಾರವ್ವಾ ಇದು?”

 ಮಂಗಳಗೌರಿ ತಲೆ ತಗ್ಗಿಸಲಿಲ್ಲ. “ಅವತ್ತು ನನ್ನ ಅರ್ಜೀನ ಪುಣೆಗೆ ತಗೊಂಡೋಗಿ ಕೊಟ್ಟೋರು, ಅಪ್ಪ. ಓದು ಮುಗಿದ್ಮೇಲೆ ನಾನು ಮದ್ವೆ ಆಗೋದು ಇವ್ರನ್ನೇ.”

ಅಣ್ಣಯ್ಯಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. ರಸ್ತೆ ನೋಡಿದ. ದೂರದಲ್ಲಿ ಬಸ್ಸು ಕಾಣಿಸಿತು. ಕಾಲ ಬಳಿಯ ಟ್ರಂಕಿಗೆ ಬಗ್ಗಿ ಒಂದು ಹಿಡಿಕೆ ಹಿಡಿದ.

“ಹಂಗಾದ್ರೆ ಸುಮ್ನೆ ಯಾಕಪ್ಪಾ ನಿಂತಿದ್ದೀಯಾ?” ಅಂದ. “ಆ ಕಡೆ ಹಿಡ್ಕೊ. ಬರೀ ಪುಸ್ತಕ ತುಂಬವ್ಳೆ, ಭಾರ ಅದೆ.”