ವಿಮರ್ಶೆಯಲ್ಲಿ ಇಲ್ಲದ ಪಿಟೀಲು

"ನಿಮಗೆ ಪಿಟೀಲು ಕೇಳಿಸೋದೇ ಇಲ್ವೇನ್ರೀ?"

ಇಷ್ಟು ಜೋರಾಗಿ ಕೇಳಿಬಿಡುತ್ತೇನೆಂದು ಪದ್ಮಶ್ರೀಗೇ ಗೊತ್ತಿರಲಿಲ್ಲ. ಕೆ.ಆರ್. ನಗರದ ರಾಮೋತ್ಸವದ ಚಪ್ಪರದಲ್ಲಿ ಬೆಳಗಿನ ಕಛೇರಿ ಆಗಷ್ಟೇ ಮುಗಿದಿತ್ತು. ಚಂದು ಬೆಚ್ಚಿ ತಿರುಗಿದ. ಕೈಲಿದ್ದ ಪಾನಕ ತುಳುಕಿ ಅಂಗಿಯ ಮೇಲೆ ಚೆಲ್ಲಿತು.

ಎರಡು ವರ್ಷದಿಂದ ಅವಳು ಪಿಟೀಲು ಹಿಡಿದು ವೇದಿಕೆಯ ಮೇಲೆ, ಅವನು ಮುಂದಿನ ಸಾಲಿನಲ್ಲಿ. ಮಾತಾಡಿದ್ದು ಇದೇ ಮೊದಲು.

ಮಿರ್ಲೆಯ ಬೇಸಾಯದ ಮನೆಯಲ್ಲಿ ಸಂಗೀತದ ಹುಚ್ಚು ಹತ್ತಿದ್ದು ಚಂದುವೊಬ್ಬನಿಗೇ. ಪಿರಿಯಾಪಟ್ಟಣದ ಕಾಲೇಜಿನಲ್ಲಿ ಮೇಷ್ಟ್ರು. ಈ ಸುತ್ತಿನಲ್ಲಿ ಎಲ್ಲೇ ಕಛೇರಿಯಾಗಲಿ, ಮೈಸೂರಿನ ಪತ್ರಿಕೆಯೊಂದಕ್ಕೆ ವಿಮರ್ಶೆ ಬರೆಯುವವನು ಅವನೇ. ಗಾಯಕರ ಕಲ್ಯಾಣಿ ರಾಗವನ್ನು ಹೊಗಳುತ್ತಿದ್ದ, ಮೃದಂಗದವರ ಕೈಯನ್ನು ಕೊಂಡಾಡುತ್ತಿದ್ದ, ಕಿರುಗುಟ್ಟುವ ಮೈಕಿನವನನ್ನೂ ಬಿಡುತ್ತಿರಲಿಲ್ಲ. ಪಿಟೀಲಿನ ಬಗ್ಗೆ ಮಾತ್ರ ಒಂದಕ್ಷರವಿಲ್ಲ. ಹೆಸರೂ ಇಲ್ಲ!

ಮೈಕಿನವನಿಗೆ ಸಿಕ್ಕಿದ್ದೂ ನನಗಿಲ್ಲವೇ...

ಒಂದು ಸಾಲಿಗೆ ಇಷ್ಟು ಸಂಕಟವೇ ಎಂದು ನಿಮಗನ್ನಿಸಬಹುದು. ಆದರೆ ಸಾಲಿಗ್ರಾಮದ ಬಾಡಿಗೆ ಕೋಣೆಯಲ್ಲಿ ಅವಳೊಬ್ಬಳೇ. ಪಿಟೀಲು ಕಲಿಸಿದ ಅಪ್ಪ ತೀರಿಕೊಂಡ ಮೇಲೆ ಕಂಪಲಾಪುರದ ಮನೆಯಲ್ಲೂ ಯಾರೂ ಉಳಿದಿರಲಿಲ್ಲ. ಕಛೇರಿ ಮುಗಿಸಿ, ಬಸ್ಸಿನ ಪಕ್ಕದ ಸೀಟಿನಲ್ಲಿ ಪಿಟೀಲಿನ ಪೆಟ್ಟಿಗೆ ಕೂರಿಸಿಕೊಂಡು ಬರುವಳು. ಬೀಗ ತೆಗೆದು, ಉಳಿದ ಅನ್ನಕ್ಕೆ ಮಜ್ಜಿಗೆ ಕಲಸಿ ಉಣ್ಣುವಳು. ಇವತ್ತು ಹೇಗೆ ನುಡಿಸಿದೆ ಎಂದು ಕೇಳುವುದು ಯಾರನ್ನು? ಅದಕ್ಕೇ ಬೆಳಗಾದರೆ ಮೊಬೈಲಿನಲ್ಲಿ ಅವನ ವಿಮರ್ಶೆ ಹುಡುಕುವಳು. ಓದಿ ಮುಗಿಸಿದಾಗ ಕೋಣೆ ಇನ್ನಷ್ಟು ಖಾಲಿಯಾಗಿರುತ್ತಿತ್ತು.

ಇವತ್ತಂತೂ ಕಛೇರಿ ಏರ್ಪಡಿಸಿದ ಸಭಾದ ಕಾರ್ಯದರ್ಶಿ ಸೋಮಯ್ಯನವರು ಪಕ್ಕಕ್ಕೆ ಕರೆದು ಹೇಳಿಯೇಬಿಟ್ಟಿದ್ದರು.

"ಬೇಜಾರ್ ಮಾಡ್ಕೋಬ್ಯಾಡ ಕಣವ್ವಾ. ಮುಂದಿನ್ ವರ್ಸ ಬ್ಯಾರೆಯೋರ್ನ ಕರೀತೀವಿ. ಪೇಪರ್ನಲ್ಲಿ ನಿನ್ ಎಸ್ರೇ ಬರಾಕಿಲ್ವಲ್ಲ, ಕಮಿಟಿಯೋರು ಕೇಳ್ತಾರೆ."

ಆ ಉರಿಯಲ್ಲೇ ಅವಳು ಚಂದುವನ್ನು ಅಡ್ಡಗಟ್ಟಿದ್ದು. ಅವನೋ, ಅಂಗಿಯ ಮೇಲಿನ ಪಾನಕ ಒರೆಸಿಕೊಳ್ಳುತ್ತ ನಿಂತ.

"ಕೇಳಿಸುತ್ತೆ ಕಣ್ರೀ..." ಎಂದನಷ್ಟೆ.

"ಸಂತೋಷ. ನನ್ನ ಜಾಗ ಹೋಯ್ತು. ಇನ್ನು ನುಡಿಸೋದೇ ಇಲ್ಲ, ಪೆಟ್ಟಿಗೆ ಮುಚ್ಚಿಡ್ತೀನಿ. ನಿಮಗೂ ಕಾಟ ತಪ್ಪಿತು."

ಮಧ್ಯಾಹ್ನದ ಬಿಸಿಲಿನಲ್ಲಿ ನಿಂತಿದ್ದ ಸಾಲಿಗ್ರಾಮದ ಬಸ್ಸು ಕಾದ ಹಂಚಿನಂತಿತ್ತು. ಪೆಟ್ಟಿಗೆಯನ್ನು ಪಕ್ಕದ ಸೀಟಿನಲ್ಲಿಟ್ಟು ಕಿಟಕಿಗೆ ತಲೆಯಾನಿಸಿದಳು. ಅಳಬಾರದು ಎಂದುಕೊಂಡಷ್ಟೂ ಕಣ್ಣು ತುಂಬುತ್ತಿತ್ತು.

"ಒಂದ್ನಿಮಿಷ..."

ಚಂದು! ಓಡಿ ಬಂದು ಬಸ್ಸು ಹತ್ತಿದವನಿಗೆ ಏದುಸಿರು.

"ಕಾಲೇಜಲ್ಲಿ ನಮಗೊಂದು ನಿಯಮ ಇದೆ. ಮನೆಯವರು ಯಾರಾದ್ರೂ ಪರೀಕ್ಷೆ ಬರೆದಿದ್ರೆ, ಆ ಪೇಪರ್ ನಾವು ತಿದ್ದೋ ಹಂಗಿಲ್ಲ."

"ಅದಕ್ಕೂ ನನಗೂ ಏನ್ರೀ ಸಂಬಂಧ?"

"ನೀವು ಮೊದಲ ಸಲ ತೋಡಿ ನುಡಿಸಿದ್ರಲ್ಲ, ಅವತ್ತೇ ನಿಮ್ಮನ್ನ ನಮ್ಮನೆಯವರು ಅಂದ್ಕೊಂಡ್ಬುಟ್ಟೆ. ಆಮೇಲೆ ಬರೆಯೋಕೆ ಕೂತ್ರೆ, ಇದು ವಿಮರ್ಶೆನೋ ಪ್ರೀತಿನೋ ಅಂತ ನಂಗೇ ಗೊತ್ತಾಗ್ತಿರ್ಲಿಲ್ಲ. ಹೆಸರು ಬರೆದ್ರೆ ಅಲ್ಲಿಗೇ ನಿಲ್ಲಿಸೋನಲ್ಲ ನಾನು. ಅದಕ್ಕೇ ಮುಟ್ಟಲೇ ಇಲ್ಲ."

ಪದ್ಮಶ್ರೀ ಕಿಟಕಿಯಿಂದ ತಲೆಯೆತ್ತಿ ಅವನನ್ನೇ ನೋಡಿದಳು. ಆದರೂ ಸಿಟ್ಟು ಇಳಿಯಬೇಕಲ್ಲ.

"ನನ್ನನ್ನ ಒಂದು ಮಾತು ಕೇಳಿದ್ರಾ? ನಿಮ್ಮ ನಿಯತ್ತು ಉಳೀತು. ಬೆಲೆ ತೆತ್ತಿದ್ದು ನಾನು."

"ತಪ್ಪಾಯ್ತು." ಅವನು ತಲೆ ತಗ್ಗಿಸಿದ. "ಇನ್ನು ಈ ಕಡೆ ಕಛೇರಿಗೆ ಬರೆಯೋಕೆ ಬೇರೆಯವರನ್ನ ಕಳಿಸಿ ಅಂತ ಪತ್ರಿಕೆಗೆ ಫೋನ್ ಮಾಡ್ದೆ. ಸೋಮಯ್ಯನವರಿಗೂ ಇದ್ದದ್ದು ಇದ್ದಂಗೆ ಹೇಳ್ಬಂದೆ."

"ಏನಂದ್ರು?"

"ಬೈದ್ರು. ಆಮೇಲೆ, ಕಮಿಟಿಯೋರತ್ರ ನಾನೇ ಮಾತಾಡ್ತೀನಿ ಬುಡು ಅಂದ್ರು."

ಅವಳು ಪೆಟ್ಟಿಗೆಯ ಮೇಲೆ ಕೈಯಿಟ್ಟಳು. ಆಮೇಲೆ, ಅಪ್ಪ ಹೋದಂದಿನಿಂದ ಯಾರನ್ನೂ ಕೇಳದ ಪ್ರಶ್ನೆ ತಾನಾಗಿ ಬಾಯಿಗೆ ಬಂತು.

"ಇವತ್ತು... ಹೇಗಿತ್ತು?"

"ಖರಹರಪ್ರಿಯದಲ್ಲಿ ಅಳಿಸಿಬುಟ್ರಿ. ಮೋಹನದ ಸ್ವರದಲ್ಲಿ ಮಾತ್ರ ಸ್ವಲ್ಪ ಅವಸರ ಮಾಡಿದ್ರಿ."

ಅಪ್ಪನೂ ಇದನ್ನೇ ಹೇಳುತ್ತಿದ್ದರು! ತಡೆದಿದ್ದ ಕಣ್ಣೀರು ಕೆನ್ನೆಗಿಳಿಯಿತು.

ಬಸ್ಸು ಹೊರಟಿತು. ಪದ್ಮಶ್ರೀ ಪೆಟ್ಟಿಗೆಯನ್ನೆತ್ತಿ ತೊಡೆಯ ಮೇಲಿಟ್ಟುಕೊಂಡಳು. ಪಕ್ಕದ ಸೀಟು ಖಾಲಿಯಾಯಿತು. ಅವನು ಹಿಂಜರಿಯುತ್ತ ಕೂತ.

"ಇನ್ನೂ ಹೇಳೋದು ಬೇಕಾದಷ್ಟಿದೆ," ಎಂದ.

"ಅಷ್ಟರಲ್ಲಿ ನಿಮ್ಮೂರು ಮಿರ್ಲೆ ಬಂದುಬಿಡುತ್ತಲ್ಲ..."

"ಬರ್ಲಿ ಬುಡಿ. ಸಾಲಿಗ್ರಾಮಕ್ಕೇ ಟಿಕೆಟ್ ತಗೋತೀನಿ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಅವನತ್ತ ತಿರುಗಿದಳು.

"ಸರಿ. ಅವಸರ ಎಲ್ಲಿ ಮಾಡ್ದೆ, ಅಲ್ಲಿಂದ ಶುರು ಮಾಡಿ."